ನಮ್ಮ ಹಾಡು ಯಾವಾಗ ಹಳೇದಾಯ್ತು?

ಶಿವಮೊಗ್ಗದ ವಿನೋಬನಗರದಿಂದ ಓದುಗರೊಬ್ಬರು ಬರೆದಿದ್ದಾರೆ: "ಅಕ್ಕನ ಮಗಳ ಆರತಕ್ಷತೆಗೆ ಆರ್ಕೆಸ್ಟ್ರಾ ಕರೆಸಿದ್ದರು. ಹಾಡುವ ಹುಡುಗ ಮೈಕ್ ಹಿಡಿದು 'ಈಗ ಹಿರಿಯರಿಗಾಗಿ ಒಂದು ಹಳೇ ಹಾಡು' ಅಂದ. ರಾಜ್‌ಕುಮಾರ್ ಅವರ ಕಪ್ಪು-ಬಿಳುಪು ಕಾಲದ್ದು ಬರುತ್ತೆ ಅಂದುಕೊಂಡೆ. ಬಂದದ್ದು 'ಪ್ರೇಮಲೋಕ'ದ್ದು! ನಾನು ಪಿಯುಸಿ ಓದುವಾಗ ಬಂದ ಹಾಡು. ಪಕ್ಕದಲ್ಲಿದ್ದ ಹುಡುಗರು ನನ್ನ ಮುಖ ನೋಡಿ ನಕ್ಕರು. ನಮ್ಮ ಹಾಡು ಹಳೇದು ಅಂತ ತೀರ್ಮಾನ ಮಾಡಿದವರು ಯಾರು? ಈಗಿನ ಹಾಡುಗಳಲ್ಲಿ ಏನೂ ಇಲ್ಲ ಅಂತ ನೀವಾದರೂ ಬರೆಯಬಾರದಾ? ಇನ್ನೊಂದು ವಿಷಯ. ಅಟ್ಟದ ಮೇಲೆ ಒಂದು ಟ್ರಂಕ್ ತುಂಬಾ ಕ್ಯಾಸೆಟ್ ಇವೆ. ಎಸೆದುಬಿಡಪ್ಪಾ ಅಂತಾಳೆ ಮಗಳು. ಏನು ಮಾಡಲಿ?"

ಪ್ರಿಯರೇ,

ಮೊದಲು ಲೆಕ್ಕ ಮುಗಿಸಿಬಿಡೋಣ. 'ಪ್ರೇಮಲೋಕ' ಬಂದದ್ದು 1987ರಲ್ಲಿ. ರಾಜ್‌ಕುಮಾರ್ ನಾಯಕರಾದ ಮೊದಲ ಸಿನಿಮಾ 'ಬೇಡರ ಕಣ್ಣಪ್ಪ' 1954ರದ್ದು. ನೀವು ಪಿಯುಸಿಯಲ್ಲಿದ್ದಾಗ ಅದಕ್ಕೆ 33 ವರ್ಷ. ಆಗ ಅದು ನಿಮಗೆ ಅಜ್ಜನ ಕಾಲದ ಸಿನಿಮಾ. ಈಗ 'ಪ್ರೇಮಲೋಕ'ಕ್ಕೆ ಅದಕ್ಕಿಂತ ಜಾಸ್ತಿ ವಯಸ್ಸಾಗಿದೆ. ಆ ಹುಡುಗ ನಿಮಗೆ ಅನ್ಯಾಯವೇನೂ ಮಾಡಿಲ್ಲ. 'ಮುಂಗಾರು ಮಳೆ' ಬಂದದ್ದು 2006ರ ಡಿಸೆಂಬರ್ ಕೊನೆಗೆ. ಅದನ್ನು ನೋಡಿ ಜೋಗಕ್ಕೆ ಬೈಕ್ ಹತ್ತಿದ ಕಾಲೇಜು ಹುಡುಗರಿಗೆ ಈಗ ನಲವತ್ತರ ಆಸುಪಾಸು. ಅವರಿಂದಲೂ ಇಂಥ ಕಾಗದ ಬರುವ ದಿನ ದೂರ ಇಲ್ಲ.

ತೀರ್ಮಾನ ಮಾಡಿದವರು ಯಾರು ಅಂತ ಕೇಳಿದ್ದೀರಿ. ಒಳ್ಳೆಯ ಪ್ರಶ್ನೆ. ಉತ್ತರ ನಿಮಗೆ ಹಿಡಿಸುತ್ತೋ ಇಲ್ಲವೋ. ನಾವೇ ಮಾಡಿದ್ದು. ಆ ಆರ್ಕೆಸ್ಟ್ರಾಗೆ ದುಡ್ಡು ಕೊಟ್ಟವರು ಯಾರು? ನಿಮ್ಮ ಭಾವನವರು, ಹೆಚ್ಚುಕಮ್ಮಿ ನಿಮ್ಮ ವಾರಗೆಯವರೇ. ಗಣಪತಿ ಸಮಿತಿಯ ಲೆಕ್ಕ ಯಾರ ಕೈಯಲ್ಲಿದೆ? ಹಳೇ ವಿದ್ಯಾರ್ಥಿಗಳ ಸಂಘದಲ್ಲಿ ಸಂಗೀತ ಸಂಜೆ ಇಡೋಣ ಅನ್ನುವವರು ಯಾರು? ಇಂಥ ಪತ್ರಿಕೆಯಲ್ಲಿ ಕೂತು 'ಮರೆಯಲಾಗದ ಹಾಡುಗಳು' ಅಂತ ಪುಟ ತುಂಬಿಸುವವರು ಯಾರು? ಕೇಳಿ ಬೆಳೆದವರ ಕೈಗೆ ದುಡ್ಡೂ ಕುರ್ಚಿಯೂ ಬಂದ ಮೇಲೆ ಅವರ ಹಾಡಿಗೆ ಸವಿನೆನಪಿನ ಪಟ್ಟ ಸಿಗುತ್ತದೆ. ಪಿಯುಸಿಯಲ್ಲಿದ್ದಾಗ ಮದುವೆ ಮನೆಯಲ್ಲಿ ನಮ್ಮ ಮಾತು ಯಾರು ಕೇಳುತ್ತಿದ್ದರು? ಮೈಕ್‌ಸೆಟ್‌ನವನ ಮುಂದೆ ಹಲ್ಲು ಗಿಂಜಬೇಕಿತ್ತು. ಈಗ ಆರ್ಕೆಸ್ಟ್ರಾದ ಹುಡುಗ ನಿಮ್ಮ ತಲೆಗೂದಲು ನೋಡಿಯೇ ಹಾಡು ಆರಿಸುತ್ತಾನೆ. ಜಾಣ ಅವನು.

ಈಗಿನ ಹಾಡುಗಳಲ್ಲಿ ಏನೂ ಇಲ್ಲ ಅಂತ ಮಾತ್ರ ನಾನು ಬರೆಯುವುದಿಲ್ಲ. ಅಮೆರಿಕದಲ್ಲಿ ಹಾಲ್‌ಬ್ರೂಕ್ ಮತ್ತು ಶಿಂಡ್ಲರ್ ಎಂಬ ಇಬ್ಬರು ಬೇರೆ ಬೇರೆ ವಯಸ್ಸಿನವರಿಗೆ ಬೇರೆ ಬೇರೆ ಕಾಲದ ಹಾಡು ಕೇಳಿಸಿ, ಯಾವುದು ಹಿಡಿಸಿತು ಅಂತ ಬರೆಸಿಕೊಂಡರು. 1989ರಲ್ಲಿ ಅದನ್ನು ಪ್ರಕಟಿಸಿದರು. ತಮಗೆ 23-24 ವರ್ಷ ಆಗಿದ್ದಾಗ ಬಂದ ಹಾಡುಗಳೇ ಜನರಿಗೆ ಎಲ್ಲಕ್ಕಿಂತ ಜಾಸ್ತಿ ಹಿಡಿಸಿದ್ದವು. ಹೀಗಿರುವಾಗ ಈಗಿನ ಹಾಡಿಗೆ ಅಂಕ ಹಾಕಲು ನೀವೂ ನಾನೂ ಲಾಯಕ್ಕಾದವರಲ್ಲ. ಮೇಲಾಗಿ, ಆಗಲೂ ರದ್ದಿ ಹಾಡು ಬೇಕಾದಷ್ಟು ಬಂದಿದ್ದವು. ಈಗ ಯಾರೂ ಅವನ್ನು ಹಾಕುವುದಿಲ್ಲ, ಅಷ್ಟೇ.

ನನಗೆ ಕುತೂಹಲ ಇರುವುದು ಇನ್ನೊಂದು ಕಡೆ. ಕೆಲವು ಹಾಡುಗಳನ್ನು ಎಷ್ಟೇ ವರ್ಷವಾದರೂ ಯಾರೂ ಹಳೇ ಹಾಡು ಅನ್ನುವುದೇ ಇಲ್ಲ. 'ನಿತ್ಯೋತ್ಸವ' ನೋಡಿ. ನಮ್ಮ ಸಹ್ಯಾದ್ರಿ ಕಾಲೇಜಿನಲ್ಲಿ ಪಾಠ ಹೇಳಿದ ನಿಸಾರ್ ಅಹಮದ್ ಅವರ ಕವಿತೆ. ಜೋಗವೂ ಇದೆ, ತುಂಗೆಯೂ ಇದೆ. ಮೈಸೂರು ಅನಂತಸ್ವಾಮಿ ರಾಗ ಹಾಕಿದ ಆ ಕ್ಯಾಸೆಟ್ ಬಂದದ್ದು 1978ರಲ್ಲಿ. 'ಪ್ರೇಮಲೋಕ'ಕ್ಕಿಂತ 9 ವರ್ಷ ಹಿರಿಯದು. ಆದರೂ 'ಹಿರಿಯರಿಗಾಗಿ' ಅಂತ ಯಾರೂ ಅದನ್ನು ಹಾಡುವುದಿಲ್ಲ. ಪ್ರತಿ ನವೆಂಬರ್‌ನಲ್ಲಿ ಶಾಲೆಯ ಮಕ್ಕಳು ಅದಕ್ಕೆ ದನಿಗೂಡಿಸುತ್ತಾರೆ. ಅವರ ಪಾಲಿಗೆ ಅದು ಅವರದೇ ಹಾಡು. ದೀಪಾವಳಿ ರಾತ್ರಿ ದೀಪ ಹಿಡಿದು ಮನೆ ಮನೆಗೆ ಬರುವ ಅಂಟಿಗೆ-ಪಿಂಟಿಗೆಯವರ ಹಾಡುಗಳಿಗೆ ಎಷ್ಟು ವಯಸ್ಸು ಅಂತ ಯಾರಾದರೂ ಕೇಳಿದ್ದುಂಟಾ? ಶಿವಮೊಗ್ಗ ಸುಬ್ಬಣ್ಣನವರ 'ಕಾಡು ಕುದುರೆ' ಅರ್ಧ ಈ ಗುಂಪಿಗೆ ಸೇರುತ್ತದೆ. 1978ರ ಸಾಲಿನ ರಾಷ್ಟ್ರಪ್ರಶಸ್ತಿ ತಂದುಕೊಟ್ಟ ಹಾಡು. ಅವರು 2022ರಲ್ಲಿ ತೀರಿಕೊಂಡರು. ಸ್ಪರ್ಧೆಗಳಲ್ಲಿ ಈಗಲೂ ಹಾಡುತ್ತಾರೆ, ಆದರೆ ಹಾಡುವವರೆಲ್ಲ ಸುಬ್ಬಣ್ಣನವರ ಗಂಟಲನ್ನೇ ತರಲು ಹೋಗುತ್ತಾರೆ.

ಹೊಸ ಬಾಯಿಗೆ ಹೋದ ಹಾಡಿಗೆ ಹಳೇದು ಅನ್ನಿಸಿಕೊಳ್ಳುವ ಕಾಟ ಇಲ್ಲ. 'ಪ್ರೇಮಲೋಕ'ಕ್ಕೆ ಸಂಗೀತ ಕೊಟ್ಟ ಹಂಸಲೇಖರ ಹಾಡುಗಳನ್ನು ನಾವು ಹಾಡಿದ್ದಕ್ಕಿಂತ ಟೇಪ್‌ರೆಕಾರ್ಡರ್‌ನಲ್ಲಿ ಹಾಕಿ ಕೇಳಿದ್ದೇ ಜಾಸ್ತಿ. ಆ ಡ್ರಮ್ಸು, ಆ ಕೀಬೋರ್ಡು ಇಲ್ಲದೆ ಬರೀ ಬಾಯಲ್ಲಿ ಹಾಡಿದರೆ ಏನೋ ಕಮ್ಮಿ ಅನ್ನಿಸುತ್ತಿತ್ತು, ಅಲ್ವಾ? ನಮ್ಮ ಮಕ್ಕಳಿಗೆ ನಾವು ಅವನ್ನು ಹೇಳಿಕೊಡಲೂ ಇಲ್ಲ.

ನಿಮ್ಮ ಬೇಸರಕ್ಕೆ ಒಂದು ನಿಜವಾದ ಕಾರಣ ಇದೆ ಅನ್ನಿಸುತ್ತದೆ. ಕಾಗದದಲ್ಲಿ ಅದು ಬಂದಿಲ್ಲ. ನಮ್ಮ ಕಡೆ ಹಾಡು ಕೇಳುತ್ತಿದ್ದ ರೀತಿ ನೆನಪಿಸಿಕೊಳ್ಳಿ. ಅಡಿಕೆ ಕೊಯ್ಲಿನ ದಿನಗಳು. ಸುತ್ತ ಮೆಟ್ಟುಗತ್ತಿ ಇಟ್ಟುಕೊಂಡು ಸುಲಿಯುವವರು, ನಡುವೆ ಟೇಪ್‌ರೆಕಾರ್ಡರ್ ಇಲ್ಲವೇ ಭದ್ರಾವತಿ ಆಕಾಶವಾಣಿ. 1965ರಿಂದ ನಮ್ಮ ಜಿಲ್ಲೆಯ ರಾತ್ರಿಗಳಿಗೆ ಜೊತೆಯಾದ ನಿಲಯ ಅದು. ರೇಡಿಯೋದಲ್ಲಿ ಅವರು ಹಾಕಿದ್ದು ನಾವು ಕೇಳಬೇಕು. ಕ್ಯಾಸೆಟ್ ಆದರೂ ಅಷ್ಟೇ. ಕೈಗೆಲ್ಲ ಅಡಿಕೆಯ ಚೊಗರು ಮೆತ್ತಿರುವಾಗ ಒಂದು ಹಾಡು ಬೇಡ ಅಂತ ಯಾರು ಎದ್ದು ಹೋಗುತ್ತಾರೆ? 60 ನಿಮಿಷದ ಕ್ಯಾಸೆಟ್‌ನ ಒಂದು ಬದಿ, ಅರ್ಧ ಗಂಟೆ, ಚೆನ್ನಾಗಿರುವುದೂ ಸಪ್ಪೆಯದೂ ಎಲ್ಲ ಸಾಲಾಗಿ ಮುಗಿಯಬೇಕು. ಟಕ್ ಅಂತ ನಿಂತಾಗ ಯಾರೋ ಒಬ್ಬರು ಬೈದುಕೊಳ್ಳುತ್ತಾ ಕೈ ಒರೆಸಿ ಮಗುಚಿ ಹಾಕಬೇಕು. ಹಾಗೆ ಕೇಳಿ ಕೇಳಿ ಎರಡನೇ ಬದಿಯ ಮೂರನೇ ಹಾಡೂ ನಮ್ಮದಾಯಿತು. ಅದನ್ನು ಯಾವ ಆರ್ಕೆಸ್ಟ್ರಾವೂ ಹಾಡುವುದಿಲ್ಲ. ಸವಿನೆನಪಿನ ಕಾರ್ಯಕ್ರಮಗಳಲ್ಲಿ ನಮ್ಮ ಇಡೀ ಹರೆಯ ಹದಿನೈದಿಪ್ಪತ್ತು ಹಾಡಿಗೆ ಇಳಿದುಬಿಟ್ಟಿದೆ. ಮದುವೆಯಲ್ಲಿ ಅವೇ, ಗಣಪತಿಯಲ್ಲಿ ಅವೇ, ಕರೋಕೆಯಲ್ಲೂ ಅವೇ. ಹಿರಿಯರು ಅನ್ನಿಸಿಕೊಳ್ಳುವುದಕ್ಕೆ ನನಗೆ ಬೇಜಾರಿಲ್ಲ. ಈ ಪಟ್ಟಿಯ ಬಗ್ಗೆ ಇದೆ.

ಹಾಗಾಗಿ ಕ್ಯಾಸೆಟ್ ಎಸೆಯಬೇಡಿ.

ಆದರೆ ತೆಗೆದ ತಕ್ಷಣ ಹಾಕಿ ಕೇಳಲೂ ಹೋಗಬೇಡಿ. ಮಲೆನಾಡಿನ ಅಟ್ಟ ಅಂದರೆ ಬೂಷ್ಟು ಹಿಡಿದಿರುತ್ತದೆ. ಒಂದೊಂದನ್ನೂ ಬೆಳಕಿಗೆ ಹಿಡಿದು, ಕ್ಯಾಸೆಟ್ಟಿನ ನಡುವೆ ಟೇಪು ಕಾಣುವ ಕಿಟಕಿಯಂಥ ಜಾಗದಲ್ಲಿ ನೋಡಿ. ಟೇಪಿನ ಅಂಚಿನಲ್ಲಿ ಬಿಳಿ ಪುಡಿ ಕಂಡರೆ ಬೇರೆ ಇಡಿ. ಅದನ್ನು ಹಾಕಿದರೆ ಬೂಷ್ಟು ಟೇಪ್‌ರೆಕಾರ್ಡರ್‌ನ ಹೆಡ್ಡಿಗೆ ಅಂಟಿ, ಮುಂದಿನ ಕ್ಯಾಸೆಟ್ಟಿಗೂ ಹೋಗುತ್ತದೆ. ಸರಿ ಇರುವುದನ್ನು ಮೊದಲು ಪೂರ್ತಿ ಮುಂದೆ ಓಡಿಸಿ, ಹಿಂದೆ ಸುತ್ತಿ, ಆಮೇಲೆ ಹಾಕಿ. ಒಳಗೆ ತಾಮ್ರದ ಪಟ್ಟಿಗೆ ಅಂಟಿಸಿದ ಪುಟ್ಟ ಮೆತ್ತೆ ಇರುತ್ತದೆ. ಅದು ಉದುರಿದ್ದರೆ ಸದ್ದು ಮಂಕಾಗುತ್ತದೆ. ಟೇಪೇ ಹಾಳಾಯಿತು ಅಂದುಕೊಳ್ಳಬೇಡಿ. ಮೂಲೆಗಳಲ್ಲಿ ಸ್ಕ್ರೂ ಇರುವ ಕ್ಯಾಸೆಟ್ ಆದರೆ ಬಿಚ್ಚಿ, ಟೇಪನ್ನು ಬೇರೆ ಚಿಪ್ಪಿಗೆ ಹಾಕಬಹುದು. ಮನೆಯಲ್ಲಿ ರೆಕಾರ್ಡ್ ಮಾಡಿದವುಗಳ ಬೆನ್ನಿನ ಎರಡು ಪ್ಲಾಸ್ಟಿಕ್ ಚೂರುಗಳನ್ನು ಈಗಲೇ ಮುರಿದುಬಿಡಿ. ತಪ್ಪಿ ಕೆಂಪು ಗುಂಡಿ ಒತ್ತಿದರೂ ಅಳಿಸಿಹೋಗುವುದಿಲ್ಲ.

ಕಂಪ್ಯೂಟರಿಗೆ ಹಾಕಿಕೊಳ್ಳುವಾಗ ಮನೆಯವರ ದನಿ ಇರುವ ಕ್ಯಾಸೆಟ್ ಮೊದಲು. ಆಮೇಲೆ ಊರಿನ ನಾಟಕ, ಭಜನೆ. ಸಿನಿಮಾ ಹಾಡು ಕೊನೆಗಿರಲಿ, ಹೆಚ್ಚಿನವು ಬೇರೆ ಕಡೆ ಸಿಗುತ್ತವೆ. ಹುಡುಕಿದರೂ ಎಲ್ಲೂ ಸಿಗದ ಹಾಡುಗಳಿದ್ದರೆ ಪಟ್ಟಿ ಮಾಡಿ ನಮಗೆ ಕಳಿಸಿ, ಪ್ರಕಟಿಸುತ್ತೇವೆ. ಮಗಳನ್ನೂ ಪಕ್ಕಕ್ಕೆ ಕೂರಿಸಿಕೊಳ್ಳಿ, ಕಂಪ್ಯೂಟರ್ ಕೆಲಸ ಬೇಗ ಆಗುತ್ತದೆ. ಏನೇ ಆದರೂ ಮೇ ತಿಂಗಳೊಳಗೆ ಮುಗಿಸಿ. ಜೂನ್ ಬಂದರೆ ಟ್ರಂಕ್ ತೆರೆಯುವ ಹಾಗಿಲ್ಲ.

- ಸಂ.