ಈಸೋಪ ಇದ್ದನೋ ಇಲ್ಲವೋ: ತಿಪಟೂರಿನ ಮೇಷ್ಟ್ರಿಗೆ ಉತ್ತರ

ಮೇಷ್ಟ್ರೇ, ನಮಸ್ಕಾರ.

ನಿಮ್ಮ ಪತ್ರ ಓದಿ ಖುಷಿಯಾಯಿತು. ಬೇರೆ ಓದುಗರಿಗೂ ವಿಷಯ ಗೊತ್ತಾಗಲಿ ಅಂತ ನಿಮ್ಮ ಪ್ರಶ್ನೆಯನ್ನು ಮೊದಲು ಹೇಳಿಬಿಡುತ್ತೇನೆ. ನಮ್ಮ ಮಕ್ಕಳ ಪುಟದಲ್ಲಿ ಪ್ರತಿ ತಿಂಗಳು ಬರುವ ಈಸೋಪನ ಕಥೆಯನ್ನು ನೀವು ಮೊಮ್ಮಗಳಿಗೆ ಓದಿ ಹೇಳುತ್ತೀರಿ. ಅವಳು "ತಾತ, ಈಸೋಪ ಅಂದ್ರೆ ಯಾರು?" ಅಂತ ಕೇಳಿದಳು. ನೀವು ಹುಡುಕಿದಿರಿ. ಒಂದು ಕಡೆ ಅವನು ಗುಲಾಮ ಅಂತಿತ್ತು, ಇನ್ನೊಂದು ಕಡೆ ಅಂಥವನು ಇರಲೇ ಇಲ್ಲ ಅಂತಿತ್ತು, ಮತ್ತೊಂದು ಕಡೆ ಅವನ ಕಥೆಗಳೆಲ್ಲ ನಮ್ಮ ಪಂಚತಂತ್ರದಿಂದ ಕದ್ದವು ಅಂತಿತ್ತು. ಇಷ್ಟು ಗೊಂದಲ ಇರುವಾಗ ಆ ಹೆಸರು ಯಾಕೆ, ಸುಮ್ನೆ 'ನೀತಿಕಥೆ' ಅಂತ ಹಾಕಬಾರದೇ ಅಂತ ಕೇಳಿದ್ದೀರಿ.

ಹೆಸರು ತೆಗೆಯುವುದಿಲ್ಲ ಮೇಷ್ಟ್ರೇ. ಯಾಕೆ ಅಂತ ಸ್ವಲ್ಪ ಉದ್ದಕ್ಕೇ ಹೇಳಬೇಕಾಗುತ್ತದೆ.

ಈಸೋಪ ಬದುಕಿದ್ದು ಸುಮಾರು ಕ್ರಿ.ಪೂ. 620ರಿಂದ 564ರವರೆಗೆ ಅಂತ ರೂಢಿಯಲ್ಲಿ ಹೇಳುತ್ತಾರೆ. ಅವನು ತನ್ನ ಕೈಯಿಂದ ಬರೆದ ಒಂದು ಸಾಲೂ ಉಳಿದಿಲ್ಲ. ಅವನ ಬಗ್ಗೆ ಸಿಗುವ ಹಳೆಯ ಮಾತುಗಳಲ್ಲಿ ಮುಖ್ಯವಾದದ್ದು ಕ್ರಿ.ಪೂ. 5ನೇ ಶತಮಾನದ ಗ್ರೀಕ್ ಇತಿಹಾಸಕಾರ ಹೆರೊಡೊಟಸ್‌ನದು. ಅವನು ಈಸೋಪನ ಜೀವನ ಬರೆಯಲು ಕೂತವನೇ ಅಲ್ಲ. ಈಜಿಪ್ಟಿನ ಒಂದು ಪಿರಮಿಡ್ಡನ್ನು ಕಟ್ಟಿಸಿದ್ದು ರೊಡೊಪಿಸ್ ಎಂಬ ವೇಶ್ಯೆ ಅಂತ ಕೆಲವರು ಹೇಳುತ್ತಿದ್ದರು. ಅದು ಸುಳ್ಳು, ಅವಳ ಕಾಲ ತೀರಾ ಈಚಿನದು ಅಂತ ತೋರಿಸುವಾಗ ಅವನು ಹೀಗೆ ಹೇಳುತ್ತಾನೆ: ಅವಳು ಸೇಮೋಸ್ ದ್ವೀಪದ ಇಯಾಡ್ಮೋನ್ ಎಂಬವನ ಮನೆಯಲ್ಲಿ ಗುಲಾಮಳಾಗಿದ್ದಳು, ಕಥೆಗಾರ ಈಸೋಪನೂ ಅದೇ ಮನೆಯ ಗುಲಾಮ. ಸಾಕ್ಷಿಯನ್ನೂ ಕೊಡುತ್ತಾನೆ. ಈಸೋಪನನ್ನು ಕೊಂದ ತಪ್ಪಿಗೆ ಪರಿಹಾರ ಕೊಡುತ್ತೇವೆ, ಯಾರಾದರೂ ಬಂದು ತೆಗೆದುಕೊಳ್ಳಿ ಅಂತ ಗ್ರೀಸಿನ ಡೆಲ್ಫಿ ಎಂಬ ಊರಿನ ಜನ ಮತ್ತೆ ಮತ್ತೆ ಸಾರಿದರಂತೆ. ಬಂದವನು ಒಬ್ಬನೇ, ಇಯಾಡ್ಮೋನನ ಮೊಮ್ಮಗ.

ಈ ಮಾತು ನನ್ನನ್ನು ತುಂಬಾ ಕಾಡುತ್ತದೆ. ಸತ್ತವನ ಜೀವಕ್ಕೆ ಕಟ್ಟಿದ ಬೆಲೆ ಅವನ ಮಗನಿಗೆ ಹೋಗಲಿಲ್ಲ, ತಮ್ಮನಿಗೂ ಹೋಗಲಿಲ್ಲ, ಯಜಮಾನನ ಮೊಮ್ಮಗನಿಗೆ ಹೋಯಿತು. ಯಾವುದೋ ಪಿರಮಿಡ್ಡಿನ ವಾದದ ನಡುವೆ ಹೀಗೆ ಬಂದುಹೋಗುವ ಮಾತನ್ನು ನಾನು ನಂಬುತ್ತೇನೆ. ಹೊಗಳಿ ಬರೆದ ಚರಿತ್ರೆಗಿಂತ ಜಾಸ್ತಿ ನಂಬುತ್ತೇನೆ.

ಅವನನ್ನು ಡೆಲ್ಫಿಯವರು ಯಾಕೆ ಕೊಂದರು? ಗ್ರೀಕ್ ಲೇಖಕ ಪ್ಲುಟಾರ್ಕ್ ಒಂದು ವಿವರ ಕೊಡುತ್ತಾನೆ. ಲಿಡಿಯಾದ ಶ್ರೀಮಂತ ರಾಜ ಕ್ರೀಸಸ್ ದೇವರಿಗೆ ಬಲಿ ಕೊಡಲೂ ಊರಿನ ಪ್ರತಿಯೊಬ್ಬನಿಗೆ ಹಣ ಹಂಚಲೂ ಈಸೋಪನ ಕೈಯಲ್ಲಿ ಚಿನ್ನ ಕಳಿಸಿದ್ದ. ಅಲ್ಲಿ ಜಗಳವಾಯಿತು. ಈ ಜನಕ್ಕೆ ಹಣ ಪಡೆಯುವ ಯೋಗ್ಯತೆ ಇಲ್ಲ ಅಂತ ಈಸೋಪ ಅದನ್ನು ವಾಪಸ್ ಕಳಿಸಿದ. ಅವರು ದೇವಸ್ಥಾನದ ಕಳ್ಳತನದ ಆರೋಪ ಹೊರಿಸಿ ಬಂಡೆಯ ಮೇಲಿಂದ ತಳ್ಳಿದರು. ಇದನ್ನು ಬರೆದ ಪ್ಲುಟಾರ್ಕ್ ಸ್ವತಃ ಡೆಲ್ಫಿಯ ಅಪೊಲೊ ದೇವಸ್ಥಾನದ ಅರ್ಚಕ. ತಾನು ಪೂಜೆ ಮಾಡುವ ಊರಿನವರು ಮಾಡಿದ ಅನ್ಯಾಯವನ್ನು ಅವನು ಮುಚ್ಚಿಡಲಿಲ್ಲ.

ನಾವು ಅಚ್ಚು ಹಾಕುವ ಗೂನುಬೆನ್ನಿನ, ಸೊಟ್ಟ ಕಾಲಿನ ಚಿತ್ರ ಮಾತ್ರ ಬೇರೆ ಕಡೆಯದು. ಈಸೋಪ ಸತ್ತು ಆರೇಳು ನೂರು ವರ್ಷ ಆದಮೇಲೆ ಗ್ರೀಕಿನಲ್ಲಿ ಅವನ ಒಂದು ಜೀವನಕಥೆ ಹುಟ್ಟಿಕೊಂಡಿತು. ಅದರಲ್ಲಿ ಅವನು ಕುರೂಪಿ, ಹುಟ್ಟು ಮೂಕ. ದಾರಿ ತಪ್ಪಿದ ಐಸಿಸ್ ದೇವಿಯ ಅರ್ಚಕಿಗೆ ಉಪಕಾರ ಮಾಡಿದ್ದಕ್ಕೆ ದೇವಿ ಅವನಿಗೆ ಮಾತು ಕೊಡುತ್ತಾಳೆ. ಮಾತು ಬಂದ ಕೂಡಲೇ ಅವನು ಮಾಡುವ ಮೊದಲ ಕೆಲಸ, ಗುಲಾಮರನ್ನು ಹೊಡೆಯುತ್ತಿದ್ದ ಮೇಸ್ತ್ರಿಯನ್ನು ಎದುರಿಸುವುದು. ಆಮೇಲೆ ಕ್ಸಾಂಥಸ್ ಎಂಬ ತತ್ವಜ್ಞಾನಿ ಅವನನ್ನು ಕೊಂಡುಕೊಳ್ಳುತ್ತಾನೆ, ಪುಟಗಟ್ಟಲೆ ಅವನ ಹತ್ತಿರ ಸೋಲುತ್ತಾನೆ. ಬ್ಯಾಬಿಲೋನಿನ ಭಾಗವನ್ನಂತೂ ಅಹಿಕಾರ್ ಎಂಬ ಮಂತ್ರಿಯ ಹಳೆಯ ಕಥೆಯಿಂದ ಎತ್ತಿ ತಂದಿದ್ದಾರೆ. ಇದು ಚರಿತ್ರೆ ಅಲ್ಲ, ಕಾದಂಬರಿ. ಹುಟ್ಟಿದ ಊರು ಯಾವುದು ಅಂದರೆ ಒಬ್ಬರು ಥ್ರೇಸ್ ಅನ್ನುತ್ತಾರೆ, ಒಬ್ಬರು ಫ್ರಿಜಿಯಾ ಅನ್ನುತ್ತಾರೆ, ಒಬ್ಬರು ಲಿಡಿಯಾದ ಸಾರ್ಡಿಸ್ ಅನ್ನುತ್ತಾರೆ. ಆದರೆ ಒಂದು ಸಂಗತಿ ಗಮನಿಸಿ ಮೇಷ್ಟ್ರೇ. ಊರು ಬದಲಾಯಿತು, ರೂಪ ಬದಲಾಯಿತು, ಗುಲಾಮ ಅನ್ನುವುದು ಮಾತ್ರ ಬದಲಾಗಲೇ ಇಲ್ಲ.

ನಾವು ಈ ಕಥೆಗಳನ್ನು ಮಕ್ಕಳಿಗೆ ಅಂತ ಎತ್ತಿಟ್ಟಿದ್ದೇವೆ. ಗ್ರೀಕರಿಗೆ ಅವು ದೊಡ್ಡವರ ಮಾತು. ಅರಿಸ್ಟೊಫೇನಿಸ್‌ನ ಕ್ರಿ.ಪೂ. 422ರ ನಾಟಕವೊಂದರಲ್ಲಿ ಮಗ ಅಪ್ಪನಿಗೆ ಬುದ್ಧಿ ಹೇಳುತ್ತಾನೆ: ಕುಡಿದು ಗಲಾಟೆ ಮಾಡಿದರೂ ಪರವಾಗಿಲ್ಲ, ಈಸೋಪನ ಒಂದು ಕಥೆ ಹೇಳಿ ನಗಿಸಿದರೆ ಪೆಟ್ಟು ತಿಂದವನೂ ಬಿಟ್ಟುಬಿಡುತ್ತಾನೆ. ಕ್ರಿ.ಪೂ. 399ರಲ್ಲಿ ಸಾಕ್ರೆಟಿಸ್ ಜೈಲಿನಲ್ಲಿ ಸಾವಿಗೆ ಕಾಯುತ್ತಿದ್ದಾಗ ಮಾಡಿದ ಕೆಲಸ ಏನು ಗೊತ್ತಾ? ಈಸೋಪನ ಕಥೆಗಳನ್ನು ಪದ್ಯ ಮಾಡಿದ್ದು. ಪ್ಲೇಟೋ ಇದನ್ನು ಬರೆದಿದ್ದಾನೆ. ಕೊನೆಯ ದಿನ ಕಾಲಿನ ಸಂಕೋಲೆ ಬಿಚ್ಚಿದಾಗ ಸಾಕ್ರೆಟಿಸ್ ಕಾಲು ಉಜ್ಜಿಕೊಳ್ಳುತ್ತಾ, ಸುಖ ದುಃಖ ಎರಡೂ ಒಂದೇ ತಲೆಗೆ ಅಂಟಿಕೊಂಡ ಹಾಗಿವೆ, ಇದನ್ನು ಈಸೋಪ ನೋಡಿದ್ದರೆ ಒಂದು ಕಥೆ ಕಟ್ಟುತ್ತಿದ್ದ ಅನ್ನುತ್ತಾನೆ. ಸಾಯುವ ದಿನ ಆ ಮನುಷ್ಯನಿಗೆ ನೆನಪಾದದ್ದು ಒಬ್ಬ ಗುಲಾಮ!

ಅರಿಸ್ಟಾಟಲ್ ಹೇಳುವ ಪ್ರಸಂಗ ನನಗೆ ಎಲ್ಲಕ್ಕಿಂತ ಇಷ್ಟ. ಸೇಮೋಸಿನಲ್ಲಿ ಒಬ್ಬ ಜನನಾಯಕನಿಗೆ ಮರಣದಂಡನೆ ಕೊಡುವ ವಿಚಾರಣೆ ನಡೆದಿತ್ತು. ಈಸೋಪ ಎದ್ದು ಒಂದು ಕಥೆ ಹೇಳಿದ. ನರಿಯೊಂದು ಹೊಳೆ ದಾಟುವಾಗ ಕಂದಕಕ್ಕೆ ಸಿಕ್ಕಿಹಾಕಿಕೊಂಡಿತು. ಮೈತುಂಬ ಉಣ್ಣೆ ಹುಳುಗಳು ಅಂಟಿಕೊಂಡು ರಕ್ತ ಹೀರತೊಡಗಿದವು. ಮುಳ್ಳುಹಂದಿ ಕನಿಕರದಿಂದ "ಕಿತ್ತು ಹಾಕಲಾ?" ಅಂತು. ನರಿ ಬೇಡ ಅಂತು. "ಇವಕ್ಕೆ ಹೊಟ್ಟೆ ತುಂಬಿದೆ, ಈಗ ಕುಡಿಯುವುದು ಕಮ್ಮಿ. ಇವನ್ನು ತೆಗೆದರೆ ಹಸಿದ ಬೇರೆ ಉಣ್ಣೆ ಬಂದು ಉಳಿದ ರಕ್ತವನ್ನೂ ಹೀರುತ್ತವೆ." ಇವನು ಈಗಾಗಲೇ ಶ್ರೀಮಂತ, ಇವನನ್ನು ಕೊಂದರೆ ಬಡವರು ಬಂದು ನಿಮ್ಮ ಬೊಕ್ಕಸ ಬರಿದು ಮಾಡುತ್ತಾರೆ ಅಂತ ಈಸೋಪ ಸಭೆಗೆ ಹೇಳಿದನಂತೆ. ಇದು ಮಲಗುವ ಮಗುವಿಗೆ ಹೇಳುವ ಕಥೆ ಅಲ್ಲ, ಅಲ್ವಾ?

ಒಂದನೇ ಶತಮಾನದ ರೋಮಿನಲ್ಲಿ ಈ ಕಥೆಗಳನ್ನು ಲ್ಯಾಟಿನ್ ಪದ್ಯಕ್ಕೆ ತಂದ ಫೀಡ್ರಸ್ ಕೂಡ ಗುಲಾಮಗಿರಿಯಿಂದ ಬಿಡುಗಡೆಯಾದವನೇ. ಇಂಥ ಕಥೆ ಯಾಕೆ ಹುಟ್ಟಿತು ಅಂತ ಅವನು ನೇರವಾಗಿ ಹೇಳುತ್ತಾನೆ: ಗುಲಾಮ ತನ್ನ ಮನಸ್ಸಿನಲ್ಲಿರುವುದನ್ನು ಬಾಯಿಬಿಟ್ಟು ಹೇಳುವ ಹಾಗಿರಲಿಲ್ಲ, ಅದಕ್ಕೆ ಕಥೆಯ ಮರೆಯಲ್ಲಿ ಹೇಳಿದ. ಅವನ ಪುಸ್ತಕ ಶುರುವಾಗುವುದೇ ತೋಳ ಮತ್ತು ಕುರಿಮರಿಯಿಂದ. ಕುರಿಮರಿ ಪ್ರತಿ ಆರೋಪಕ್ಕೂ ಸರಿಯಾದ ಉತ್ತರ ಕೊಡುತ್ತದೆ, ಆದರೂ ತೋಳ ಅದನ್ನು ತಿನ್ನುತ್ತದೆ. ಟೈಬೀರಿಯಸ್ ಚಕ್ರವರ್ತಿಯ ಬಲಗೈ ಆಗಿದ್ದ ಸೆಜೇನಸ್ ತನಗೆ ತೊಂದರೆ ಕೊಟ್ಟ ಅಂತ ಫೀಡ್ರಸ್ ದೂರುತ್ತಾನೆ. ಆರೋಪ ಮಾಡುವವನೂ ಅವನೇ, ಸಾಕ್ಷಿಯೂ ಅವನೇ, ನ್ಯಾಯಾಧೀಶನೂ ಅವನೇ. ಇದು ಓದಿದ ಮೇಲೆ ಆ ತೋಳ ಯಾರು ಅಂತ ಬಿಡಿಸಿ ಹೇಳಬೇಕಿಲ್ಲ. ಎಷ್ಟೋ ಕಾಲದ ನಂತರ 19ನೇ ಶತಮಾನದ ರಷ್ಯಾದಲ್ಲಿ ಸಾಲ್ಟಿಕೊವ್-ಶ್ಚೆದ್ರಿನ್ ಎಂಬ ಲೇಖಕ, ಸರ್ಕಾರದ ಕತ್ತರಿ ತಪ್ಪಿಸಿಕೊಂಡು ಬರೆಯುವ ರೀತಿಯನ್ನು ಈಸೋಪನ ಭಾಷೆ ಅಂತ ಕರೆದ. 1917ರಲ್ಲಿ ಲೆನಿನ್ ಕೂಡ ತನ್ನ ಪುಸ್ತಕವೊಂದರ ಮುನ್ನುಡಿಯಲ್ಲಿ, ಆ ಹಾಳು ಈಸೋಪನ ಭಾಷೆಯಲ್ಲೇ ಬರೆಯಬೇಕಾಯಿತು ಅಂತ ಗೊಣಗಿದ್ದಾನೆ.

ಇನ್ನು ಪಂಚತಂತ್ರದಿಂದ ಕದ್ದವು ಅನ್ನುವ ಮಾತು. ಸಿಂಹದ ಚರ್ಮ ಹೊದ್ದ ಕತ್ತೆ ಈಸೋಪನ ಹೆಸರಲ್ಲೂ ಇದೆ, ಬೌದ್ಧ ಜಾತಕದಲ್ಲೂ ಇದೆ, ಪಂಚತಂತ್ರದಲ್ಲಿ ಹುಲಿಯ ಚರ್ಮವಾಗಿ ಇದೆ. ಹಾಗಂತ ಒಬ್ಬರು ಕಳ್ಳರು ಅಂತಾಗುವುದಿಲ್ಲ. ಆನೆಯ ಮೇಲೆ ಕೂತು "ಭಾರ ಆಯ್ತಾ?" ಅಂತ ಕೇಳುವ ಪುಟ್ಟ ಹಕ್ಕಿಯ ಕಥೆ ಈಸೋಪನಿಗಿಂತ ಹಿಂದಿನ ಮೆಸೊಪೊಟೇಮಿಯಾದ ಮಣ್ಣಿನ ಹಲಗೆಯಲ್ಲಿದೆ, ಅವನ ಹೆಸರಿನಲ್ಲಿ ಅದು ಗೂಳಿಯ ಕೊಂಬಿನ ಮೇಲಿನ ಸೊಳ್ಳೆಯಾಗಿದೆ. ಕಥೆಗಳು ವ್ಯಾಪಾರಿಗಳ ಜೊತೆ, ಗುಲಾಮರ ಜೊತೆ ಎರಡೂ ಕಡೆ ಓಡಾಡಿವೆ. ಪಂಚತಂತ್ರ 6ನೇ ಶತಮಾನದಲ್ಲಿ ಪರ್ಷಿಯಾದ ಪಹ್ಲವಿ ಭಾಷೆಗೆ, 8ನೇ ಶತಮಾನದಲ್ಲಿ ಅರಬ್ಬಿಗೆ, ಅಲ್ಲಿಂದ ಯುರೋಪಿಗೆ ಹೋಯಿತು. ಫ್ರಾನ್ಸಿನ ಲಾ ಫೊಂಟೇನ್ 1668ರಲ್ಲಿ ಈಸೋಪನನ್ನು ನೆನೆದು ಬರೆದವನು, 1678ರ ಸಂಪುಟದಲ್ಲಿ ಭಾರತದ ಜ್ಞಾನಿ 'ಪಿಲ್ಪೇ'ಗೆ ತಾನು ಋಣಿ ಅಂತ ಬಾಯಿಬಿಟ್ಟು ಹೇಳಿದ. ನಮ್ಮ ದುರ್ಗಸಿಂಹ ಕಲ್ಯಾಣ ಚಾಲುಕ್ಯರ ಆಸ್ಥಾನದಲ್ಲಿ 1031ರ ಹೊತ್ತಿಗೇ ಪಂಚತಂತ್ರವನ್ನು ಕನ್ನಡಕ್ಕೆ ತಂದಿದ್ದ. ಆ ಹೆಮ್ಮೆ ನನಗೂ ಇದೆ. ಅದಕ್ಕೆ ಈಸೋಪನನ್ನು ಕಳ್ಳ ಮಾಡಬೇಕಿಲ್ಲ. ಡೆಲ್ಫಿಯವರು ಒಮ್ಮೆ ಹಾಗೆ ಮಾಡಿದ್ದು ಸಾಕು.

ಅವನ ಹೆಸರು ಎಷ್ಟು ದೂರ ಹೋಯಿತು ಅಂತ ಹೇಳುತ್ತಾ ಹೋದರೆ ಮುಗಿಯುವುದಿಲ್ಲ. 1484ರಲ್ಲಿ ಕ್ಯಾಕ್ಸ್‌ಟನ್ ಎಂಬ ಮುದ್ರಕ ಈ ಕಥೆಗಳನ್ನು ಇಂಗ್ಲಿಷಿನಲ್ಲಿ ಅಚ್ಚು ಹಾಕಿದ. 1593ರಲ್ಲಿ ಜಪಾನಿನ ಅಮಕುಸಾದಲ್ಲಿ ಜೆಸ್ವಿಟ್ ಪಾದ್ರಿಗಳು ಜಪಾನಿ ಭಾಷೆಯಲ್ಲಿ ಅಚ್ಚು ಹಾಕಿದರು. ಕೈಗೆಟುಕದ ದ್ರಾಕ್ಷಿ ಹುಳಿ ಅಂತ ನಮ್ಮಲ್ಲಿ ಶಾಲೆಯ ಮೆಟ್ಟಿಲು ಹತ್ತದವರೂ ಹೇಳುತ್ತಾರೆ.

ನಿಮ್ಮ ಪತ್ರದಿಂದ ನಮ್ಮ ಪುಟದಲ್ಲಿ ಒಂದು ಬದಲಾವಣೆ ಮಾಡುತ್ತಿದ್ದೇವೆ. ಕಥೆಯ ಕೊನೆಗೆ ದಪ್ಪ ಅಕ್ಷರದಲ್ಲಿ ಹಾಕುತ್ತಿದ್ದ 'ನೀತಿ' ಅನ್ನುವ ಸಾಲು ಇನ್ನು ಇರುವುದಿಲ್ಲ. ಆ ಸಾಲುಗಳು ಆಮೇಲಿನ ಸಂಗ್ರಹಕಾರರು ಸೇರಿಸಿದವು. ಒಂದೇ ಕಥೆಗೆ ಒಬ್ಬೊಬ್ಬರು ಒಂದೊಂದು ನೀತಿ ಕಟ್ಟಿದ್ದಾರೆ. ನಿಮ್ಮ ಮೊಮ್ಮಗಳಿಗೆ ತನ್ನದೇ ಅರ್ಥ ಹುಡುಕಲು ಬಿಡೋಣ. ಈಸೋಪ ಯಾರು ಅಂತ ಕೇಳಿದರೆ ಗುಲಾಮನಾಗಿದ್ದ, ಬಾಯಿಬಿಟ್ಟು ಹೇಳಲಾಗದ್ದನ್ನು ಕಥೆ ಮಾಡಿ ಹೇಳಿದ, ಅನ್ಯಾಯವಾಗಿ ಸತ್ತ ಅಂತ ಹೇಳಿ. ಮಕ್ಕಳಿಗೆ ಅದು ಅರ್ಥವಾಗುತ್ತದೆ.

ಅಂದಹಾಗೆ, ಪತ್ರದ ಜೊತೆ ನೀವು ಬರೆದು ಕಳಿಸಿದ 'ಬೆಕ್ಕಿಗೆ ಗಂಟೆ ಕಟ್ಟುವವರು ಯಾರು' ಕಥೆ ಚೆನ್ನಾಗಿದೆ, ಮುಂದಿನ ಸಂಚಿಕೆಯಲ್ಲಿ ಹಾಕುತ್ತೇವೆ. ಈಸೋಪನ ಹೆಸರಲ್ಲಿ ಮಾತ್ರ ಅಲ್ಲ. ಅದು ಹಳೆಯ ಗ್ರೀಕ್ ಸಂಗ್ರಹಗಳಲ್ಲಿ ಇಲ್ಲ. 13ನೇ ಶತಮಾನದ ಇಂಗ್ಲೆಂಡಿನ ಓಡೋ ಎಂಬ ಪಾದ್ರಿಯ ಲ್ಯಾಟಿನ್ ಕಥೆಗಳಲ್ಲಿ ಇದೆ. ಅವನ ಹೆಸರನ್ನೂ ನಿಮ್ಮ ಹೆಸರನ್ನೂ ಹಾಕುತ್ತೇವೆ.

ಸಂಪಾದಕ