ಚಿಂದಿ ಪಟ್ಟಿಯ ಕೌದಿ: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ದರ್ಜಿ ಅಂಗಡಿಯಿಂದ ತಂದ ಪಟ್ಟಿಗಳನ್ನು ಕಣ್ಣಿಗೆ ಒಪ್ಪಿದಂತೆ ಜೋಡಿಸಿ ಕೌದಿಗೆ ಚೌಕ ಮಾಡುತ್ತಿದ್ದೇನೆ. ನಾಲ್ಕೈದು ಪಟ್ಟಿ ಸೇರಿಸುವಷ್ಟರಲ್ಲಿ ತುಂಡು ಬಾಳೆಹಣ್ಣಿನ ಹಾಗೆ ಬಾಗುತ್ತದೆ, ಅಂಚು ಅಲೆಯಲೆಯಾಗುತ್ತದೆ. ಏಕೆ? (ಧಾರವಾಡ)

ಉತ್ತರ: ಬಾಗುವುದಕ್ಕೂ ಅಲೆ ಏಳುವುದಕ್ಕೂ ಕಾರಣ ಬೇರೆ ಬೇರೆ.

ಎಲ್ಲ ಹೊಲಿಗೆಯನ್ನೂ ಒಂದೇ ತುದಿಯಿಂದ ಶುರು ಮಾಡಿದರೆ ತುಂಡು ಬಾಗುತ್ತದೆ. ಮಿಷನ್ನಿನ ಹಲ್ಲು ಕೆಳಗಿನ ಬಟ್ಟೆಯನ್ನು ಮೇಲಿನದಕ್ಕಿಂತ ತುಸು ಹೆಚ್ಚು ಎಳೆದುಕೊಳ್ಳುತ್ತದೆ. ಒಂದು ಹೊಲಿಗೆಯಲ್ಲಿ ಅದು ಕೂದಲೆಳೆಯಷ್ಟೇ. ಐದಾರು ಹೊಲಿಗೆ ಒಂದೇ ದಿಕ್ಕಿಗೆ ಬಿದ್ದಾಗ ಎದ್ದು ಕಾಣುತ್ತದೆ. ಒಂದು ಪಟ್ಟಿಯನ್ನು ಮೇಲಿನಿಂದ ಹೊಲಿದರೆ ಮುಂದಿನದನ್ನು ಕೆಳಗಿನಿಂದ ಶುರು ಮಾಡಿ. ಪ್ರತಿ ಹೊಲಿಗೆಯ ನಂತರ ಇಸ್ತ್ರಿ ಬೇಕೇ ಬೇಕು. ಪೆಟ್ಟಿಗೆಯನ್ನು ಎತ್ತಿ ಎತ್ತಿ ಒತ್ತಿರಿ, ಉಜ್ಜಬೇಡಿ. ಉಜ್ಜಿದರೆ ಬಟ್ಟೆ ಹಿಗ್ಗುತ್ತದೆ.

ಅಲೆಗೆ ಕಾರಣ ಓರೆ ಬಟ್ಟೆ, ಅಂದರೆ ನೇಯ್ಗೆಯ ಎಳೆಗೆ ಓರೆಯಾಗಿ ಕತ್ತರಿಸಿದ್ದು. ರವಿಕೆಯ ಕಂಕುಳು, ಕತ್ತು ಕತ್ತರಿಸಿ ಉಳಿದ ಚೂರುಗಳಲ್ಲಿ ಓರೆ ಅಂಚು ಇದ್ದೇ ಇರುತ್ತದೆ. ಪಟ್ಟಿಯ ಎರಡೂ ತುದಿ ಹಿಡಿದು ಮೆಲ್ಲಗೆ ಎಳೆಯಿರಿ. ಉದ್ದವಾದರೆ ಅದು ಓರೆ. ಅದನ್ನು ಬಿಸಾಡಬೇಕಿಲ್ಲ. ಹಳೆಯ ಪಂಚೆಯಿಂದ 9.5 ಇಂಚಿನ ಚೌಕ ಕತ್ತರಿಸಿ, ಅದರ ಒಂದು ಅಂಚಿಗೆ ಮೊದಲ ಪಟ್ಟಿಯನ್ನು ಮುಖ ಮೇಲಾಗಿ ಇಡಿ. ಎರಡನೆಯದನ್ನು ಮುಖ ಕೆಳಗೆ ಮಾಡಿ ಅದರ ಮೇಲಿಟ್ಟು, ಚೌಕದ ನಡುವಿನ ಕಡೆಗಿರುವ ಅಂಚಿನಿಂದ ಕಾಲಿಂಚು ಒಳಗೆ ಮೂರೂ ಪದರ ಸೇರಿಸಿ ಹೊಲಿದು ಮಗುಚಿ. ಪಂಚೆಯ ನೇರ ಎಳೆ ಓರೆ ಪಟ್ಟಿಯನ್ನು ಹಿಗ್ಗಲು ಬಿಡುವುದಿಲ್ಲ.

2 ಇಂಚಿನ ಪಟ್ಟಿ ಹೊಲಿದ ಮೇಲೆ ಒಂದೂವರೆ ಇಂಚಷ್ಟೇ ಕಾಣುತ್ತದೆ. ಹೀಗೆ ಆರು ಪಟ್ಟಿ ಸೇರಿದರೆ, ಎರಡೂ ಹೊರ ಅಂಚಿನ ಕಾಲಿಂಚು ಸೇರಿ 9.5 ಇಂಚು. ಅದನ್ನು 8.5ಕ್ಕೆ ಕತ್ತರಿಸಿದರೆ ಕೌದಿಯಲ್ಲಿ 8 ಇಂಚಿನ ಚೌಕ ಸಿಗುತ್ತದೆ. ಇಂಥ 12 ಚೌಕ, ಮೂರು ಅಡ್ಡ ನಾಲ್ಕು ಉದ್ದ ಜೋಡಿಸಿದರೆ 24x32 ಇಂಚಿನ ಕೂಸಿನ ಕೌದಿಗೆ ಸಾಕು.

ಆದರೆ ಎಲ್ಲ ಪಟ್ಟಿಯೂ ಒಂದೇ ಅಗಲವಿದ್ದರೆ ಚೌಕಕ್ಕೆ ಜೀವ ಬರುವುದಿಲ್ಲ. ಕೆಲವನ್ನು ಒಂದು ತುದಿ 3 ಇಂಚು, ಇನ್ನೊಂದು ತುದಿ ಒಂದೂವರೆ ಇಂಚು ಇರುವಂತೆ ಕತ್ತರಿಸಿ, ಅಗಲದ ತುದಿಗಳನ್ನು ಒಮ್ಮೆ ಮೇಲೆ, ಒಮ್ಮೆ ಕೆಳಗೆ ಇಡಿ. ಓರೆಯಾಗಿ ಕತ್ತರಿಸಿದ ಅಂಚು ಪಕ್ಕದ ಪಟ್ಟಿಯ ನೇರ ಅಂಚಿಗೇ ಸೇರಲಿ. ಒಳಗಿನ ಗೆರೆ ಹೇಗೆ ಬೇಕಾದರೂ ಹೋಗಲಿ, ಹೊರ ಅಂಚನ್ನು ಮಾತ್ರ ಸ್ಕೇಲ್ ಇಟ್ಟೇ ಕತ್ತರಿಸಿ.

ಪ್ರಶ್ನೆ: ಖಣದ ಚೂರುಗಳನ್ನು ಹತ್ತಿ ಸೀರೆಯ ಪಟ್ಟಿಯೊಂದಿಗೆ ಸೇರಿಸಿದೆ. ಒಂದೆರಡು ಒಗೆತಕ್ಕೇ ಖಣ ಹೊಲಿಗೆಯಿಂದ ಬಿಟ್ಟುಕೊಂಡಿತು. (ಬಾಗಲಕೋಟೆ)

ಉತ್ತರ: ಖಣ ಕತ್ತರಿಸಿದ ಕೂಡಲೇ ಎಳೆ ಬಿಡುತ್ತದೆ, ಕಾಲಿಂಚು ಹೊಲಿಗೆ ಅದಕ್ಕೆ ಸಾಲದು. ಅರ್ಧ ಇಂಚು ಒಳಗೆ, ಒಂದೊಂದು ಟಾಕಿಯ ಉದ್ದ 2 ಮಿಲಿಮೀಟರ್ ಇಟ್ಟು ಹೊಲಿಯಿರಿ. ಪಟ್ಟಿ ಎರಡೂವರೆ ಇಂಚಿಗಿಂತ ಕಿರಿದಾಗದಿರಲಿ. ಕತ್ತರಿಸುವ ಮೊದಲೇ ಒದ್ದೆ ಬಿಳಿ ಬಟ್ಟೆಯನ್ನು ಮೇಲಿಟ್ಟು ಇಸ್ತ್ರಿ ಒತ್ತಿ ನೋಡಿ. ಬಣ್ಣ ಹತ್ತಿದರೆ ಆ ಚೂರು ಕೌದಿಗೆ ಬೇಡ, ಎಷ್ಟೇ ಚೆಂದವಿದ್ದರೂ. ಆರ್ಟ್ ಸಿಲ್ಕ್ (ಕೃತಕ ರೇಷ್ಮೆ) ಆಗಿದ್ದರೆ ಇಸ್ತ್ರಿಯ ಬಿಸಿ ಕಡಿಮೆ ಇರಲಿ.

ಪ್ರಶ್ನೆ: ಸಿದ್ದಿ ಸಮುದಾಯದ ಮಹಿಳೆಯರು ಹೊಲಿಯುವ ಕೌದಿ, ಅಂದರೆ ಕವಂದಿಯಲ್ಲಿ ಚೌಕಗಳೇ ಇಲ್ಲವಲ್ಲ, ಹೇಗೆ ಹೊಲಿಯುತ್ತಾರೆ? (ಶಿರಸಿ)

ಉತ್ತರ: ಹಳಿಯಾಳ, ಯಲ್ಲಾಪುರ, ಮುಂಡಗೋಡ ಕಡೆಯ ಈ ಕವಂದಿಯಲ್ಲಿ ಜೋಡಣೆ, ಹೊಲಿಗೆ ಎರಡೂ ಒಟ್ಟಿಗೇ ನಡೆಯುತ್ತವೆ. ಹಳೆಯ ಸೀರೆಯೊಂದನ್ನು ಅಡಿಗೆ ಹಾಸಿಕೊಂಡು, ಮೂಲೆಯಿಂದ ಶುರು ಮಾಡಿ, ಅಂಚಿನ ಸುತ್ತ ತುಂಡುಗಳನ್ನು ಮಡಚಿ ಇಡುತ್ತಾ ಒತ್ತೊತ್ತಾಗಿ ಕೈಹೊಲಿಗೆ ಹಾಕುತ್ತಾರೆ. ಸುತ್ತುತ್ತಾ ಸುತ್ತುತ್ತಾ ನಡುವಿಗೆ ಬರುತ್ತಾರೆ. ಪ್ರತಿ ತುಂಡನ್ನೂ ಅಡಿಯ ಬಟ್ಟೆಯ ಮೇಲೆ ಕೈಯಿಂದ ಸವರಿ ಕೂರಿಸುವುದರಿಂದ ಮಿಷನ್ ಎಳೆತದ ತೊಂದರೆಯೇ ಬರುವುದಿಲ್ಲ. ನಾಲ್ಕು ಮೂಲೆಗೂ ಮಡಚಿದ ಬಟ್ಟೆಯ ಮುಕ್ಕೋನದ ‘ಫೂಲ’ (ಹೂವು) ಕೂರಿಸಿದ ಮೇಲೆಯೇ ಕವಂದಿ ಮುಗಿಯಿತೆಂದು ಲೆಕ್ಕ.