ಬೆಂಗಳೂರು ಏರ್‌ಪೋರ್ಟ್‌ನಲ್ಲಿ 9 ಗಂಟೆ ಲೇಓವರ್ ಇದೆ, ಹಳೇ ಬೆಂಗಳೂರು ನೋಡಿ ಬರಬಹುದಾ?

ದುಬೈನಿಂದ ಬೆಳಿಗ್ಗೆ 7ಕ್ಕೆ ಇಳಿಯುತ್ತೀರಿ, ಹುಬ್ಬಳ್ಳಿ ವಿಮಾನ ಸಂಜೆ 4ಕ್ಕೆ. ನಡುವೆ ಕೋಟೆ, ಪೇಟೆ, ಲಾಲ್‌ಬಾಗ್, ಬಸವನಗುಡಿ ಎಲ್ಲ ಆಗುತ್ತಾ ಅಂತ ಕೇಳಿದ್ದೀರಿ. ಎಲ್ಲ ಆಗುವುದಿಲ್ಲ. ಯಾವುದಾದರೂ ಒಂದು ಆಗುತ್ತದೆ.

ಲೆಕ್ಕ ಹಾಕೋಣ. ಇಮಿಗ್ರೇಷನ್, ಬ್ಯಾಗು, ಕಸ್ಟಮ್ಸ್ ಮುಗಿಸಿ ಹೊರಗೆ ಬರುವಷ್ಟರಲ್ಲಿ ಎಂಟೂವರೆ. ಮಧ್ಯಾಹ್ನ 2ಕ್ಕೆ ಏರ್‌ಪೋರ್ಟ್‌ಗೆ ವಾಪಸ್ ಬಂದಿರಬೇಕು. ಉಳಿದದ್ದು ಐದೂವರೆ ಗಂಟೆ. ಮೆಜೆಸ್ಟಿಕ್ ಇಲ್ಲಿಂದ ಸುಮಾರು 35 ಕಿ.ಮೀ. ನೀವು ಹೊರಡುವ ಹೊತ್ತು ಆಫೀಸಿಗೆ ಹೋಗುವವರದ್ದೂ ಹೌದು, ಹೆಬ್ಬಾಳದಲ್ಲಿ ಸಿಕ್ಕಿಬೀಳುವುದು ಗ್ಯಾರಂಟಿ. ಹೋಗಿಬರುವುದಕ್ಕೇ ಮೂರು ಗಂಟೆ ತೆಗೆದಿಡಿ. ಎರಡು ವರ್ಷದ ಹಿಂದೆ ನಮ್ಮ ಭಾವನಿಗೆ ಇಷ್ಟೇ ಟೈಮ್ ಇತ್ತು. ನಾನು ದುರಾಸೆಗೆ ಬಿದ್ದು ಬಸವನಗುಡಿ, ಲಾಲ್‌ಬಾಗ್ ಎರಡನ್ನೂ ಸುತ್ತಿಸಿದೆ. ವಾಪಸ್ ಬರುವಾಗ ಕಾರಲ್ಲಿ ಇಬ್ಬರೂ ಮಾತಾಡಲಿಲ್ಲ. ಕೌಂಟರ್ ಮುಚ್ಚುವುದಕ್ಕೆ ನಾಲ್ಕು ನಿಮಿಷ ಇತ್ತು ಅಷ್ಟೇ.

ನನ್ನ ಮಾತು ಕೇಳಿದರೆ ಊರೊಳಗೆ ಬರಲೇಬೇಡಿ. ದೇವನಹಳ್ಳಿಗೆ ಹೋಗಿ.

ನಗಬೇಡಿ. ಏರ್‌ಪೋರ್ಟ್ ಇರುವುದೇ ದೇವನಹಳ್ಳಿಯ ಮಗ್ಗುಲಲ್ಲಿ, ಟ್ಯಾಕ್ಸಿ ಹಿಡಿದರೆ ಅರ್ಧ ಗಂಟೆಯೊಳಗೆ ಕೋಟೆ ಬಾಗಿಲು. ಕೆಂಪೇಗೌಡರು ಬೆಂಗಳೂರು ಕಟ್ಟಿದ್ದು 1537ರಲ್ಲಿ. ಮಲ್ಲಬೈರೇಗೌಡರು ದೇವನಹಳ್ಳಿಯಲ್ಲಿ ಮಣ್ಣಿನ ಕೋಟೆ ಕಟ್ಟಿಸಿದ್ದು 1501ರಲ್ಲಿ ಅನ್ನುತ್ತಾರೆ. ಕೆಂಪೇಗೌಡರ ಹಿರಿಯರು ಬಂದು ನೆಲೆಸಿದ ಆವತಿಯೂ ಇಲ್ಲೇ ಪಕ್ಕದಲ್ಲಿದೆ. ಅಂದರೆ ಊರಿನ ಕಥೆ ಶುರುವಾಗುವ ಕಡೆಯೇ ನಿಮ್ಮ ವಿಮಾನ ಇಳಿಯುತ್ತದೆ. ನಾವು ಮಾತ್ರ ಹೆಬ್ಬಾಳದ ಕಡೆ ಓಡುತ್ತೇವೆ.

ಆಮೇಲೆ ಹೈದರಾಲಿ, ಟಿಪ್ಪು ಕಾಲದಲ್ಲಿ ಕೋಟೆಗೆ ಕಲ್ಲಿನ ಗೋಡೆ ಬಂತು. ಮೇಲೆ ಹತ್ತಿ ಬುರುಜಿನಿಂದ ಬುರುಜಿಗೆ ನಡೆಯಬಹುದು. ಒಳಗೆ ಇವತ್ತಿಗೂ ಜನ ಸಂಸಾರ ಮಾಡಿಕೊಂಡಿದ್ದಾರೆ. ನನಗೆ ಇಷ್ಟ ಆಗುವುದೇ ಅದು, ಟಿಕೆಟ್ ಕೊಟ್ಟು ನೋಡುವ ಕೋಟೆಯ ಬಿಗುಮಾನ ಇಲ್ಲ. ಒಳಗಿನ ವೇಣುಗೋಪಾಲಸ್ವಾಮಿ ಗುಡಿಯ ಗೋಡೆಗಳಲ್ಲಿ ರಾಮಾಯಣವೂ ಇದೆ, ಕೃಷ್ಣನ ತುಂಟಾಟವೂ ಇದೆ. ಒಂದು ಸುತ್ತು ನಿಧಾನವಾಗಿ ಹಾಕಿ. ಆದರೆ ಬೇಗ ಹೋಗಿ, ಮಧ್ಯಾಹ್ನ ಬಾಗಿಲು ಹಾಕಿಬಿಡುತ್ತಾರೆ. ಟಿಪ್ಪು ಹುಟ್ಟಿದ ಜಾಗವೂ ಕೋಟೆ ಹತ್ತಿರವೇ. ದೊಡ್ಡದೇನಲ್ಲ, ಕಂಬಗಳ ಪುಟ್ಟ ಮಂಟಪ, ಒಂದು ಫಲಕ. ಐದು ನಿಮಿಷದಲ್ಲಿ ಮುಗಿಯುತ್ತದೆ.

ಇನ್ನೂ ಟೈಮ್ ಉಳಿಯುತ್ತದೆ. ಅದೇ ಟ್ಯಾಕ್ಸಿಯಲ್ಲಿ ನಂದಿ ಗ್ರಾಮದ ಭೋಗನಂದೀಶ್ವರ ದೇವಸ್ಥಾನಕ್ಕೆ ಹೋಗಿ. ಬೆಟ್ಟ ಹತ್ತಬೇಡಿ, ಭಾನುವಾರ ಆದರಂತೂ ಬೇಡವೇ ಬೇಡ. ಗುಡಿ ಬೆಟ್ಟದ ಬುಡದಲ್ಲಿದೆ, 9ನೇ ಶತಮಾನದ್ದು. ಕಲ್ಯಾಣಿ ಮೆಟ್ಟಿಲ ಮೇಲೆ ಸುಮ್ನೆ ಕೂತರೂ ರಾತ್ರಿಯ ನಿದ್ದೆಗೆಟ್ಟ ಸುಸ್ತು ಇಳಿಯುತ್ತದೆ.

ಇಲ್ಲ, ಬೆಂಗಳೂರೇ ನೋಡಬೇಕು ಅಂತ ಹಟ ಇದ್ದರೆ ಕೆ.ಆರ್. ಮಾರ್ಕೆಟ್ ಸುತ್ತಮುತ್ತ ಬಿಟ್ಟು ಕದಲಬೇಡಿ. ಏರ್‌ಪೋರ್ಟ್‌ನ ವಾಯುವಜ್ರ ಬಸ್ ಕೆಐಎ-9 ಹತ್ತಿದರೆ ಮೆಜೆಸ್ಟಿಕ್, ಅಲ್ಲಿಂದ ಹಸಿರು ಮೆಟ್ರೊದಲ್ಲಿ ಎರಡನೇ ಸ್ಟೇಷನ್. ಹೈದರಾಲಿ 1761ರಲ್ಲಿ ಕಲ್ಲಿನಲ್ಲಿ ಕಟ್ಟಿಸಿದ ಕೋಟೆಯಲ್ಲಿ ಉಳಿದಿರುವುದು ದೆಹಲಿ ಬಾಗಿಲು, ಅಷ್ಟಿಷ್ಟು ಗೋಡೆ. 1791ರಲ್ಲಿ ಬ್ರಿಟಿಷರ ಕಾರ್ನ್‌ವಾಲಿಸ್ ಸೇನೆ ಅದನ್ನು ಗೆದ್ದುಕೊಂಡಿತು. ಟಿಪ್ಪುವಿನ ಮರದ ಅರಮನೆ ಕಟ್ಟಿ ಮುಗಿದದ್ದೂ ಅದೇ ವರ್ಷ. ಪಾಪ, ಅನುಭವಿಸುವ ಪುರುಸೊತ್ತೇ ಸಿಗಲಿಲ್ಲ ಅಲ್ವಾ? ಅರಮನೆ, ಪಕ್ಕದ ಕೋಟೆ ವೆಂಕಟರಮಣ ಗುಡಿ ಎಲ್ಲ ನಡೆದೇ ನೋಡಬಹುದು. ಹನ್ನೆರಡಕ್ಕೆ ಎಲ್ಲಿದ್ದರೂ ವಾಪಸ್ ಬಸ್ ಹತ್ತಿ.

ದೊಡ್ಡ ಬ್ಯಾಗುಗಳನ್ನು ಹೊತ್ತುಕೊಂಡು ತಿರುಗಬೇಡಿ, ಏರ್‌ಪೋರ್ಟ್‌ನಲ್ಲೇ ದುಡ್ಡು ಕೊಟ್ಟು ಇಡಬಹುದು. ಹುಬ್ಬಳ್ಳಿ ವಿಮಾನ ಯಾವ ಟರ್ಮಿನಲ್‌ನಿಂದ ಅಂತ ಮೊದಲೇ ನೋಡಿಕೊಳ್ಳಿ, ಎರಡರ ನಡುವೆ ಓಡಾಡುವುದಕ್ಕೂ ಟೈಮ್ ಬೇಕು.

ದೇವನಹಳ್ಳಿ ಚಕ್ಕೋತ ಸಿಕ್ಕರೆ ಬಿಡಬೇಡಿ, ಜಿಐ ಟ್ಯಾಗ್ ಸಿಕ್ಕಿರುವ ಹಣ್ಣು ಅದು. ಅಂಗಡಿಯವರ ಹತ್ತಿರವೇ ಸಿಪ್ಪೆ ಸುಲಿಸಿಕೊಳ್ಳಿ. ಸೆಕ್ಯೂರಿಟಿ ದಾಟಿದ ಮೇಲೆ ಚಾಕು ಎಲ್ಲಿಂದ ತರುತ್ತೀರಿ?